ಅಕ್ಕ ತಣಿಸಿಕೊಟ್ಟ ನೀರು

ನಮ್ಮ ಕಡೆ ಮನೆಗೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವ ಮೊದಲು ಕೈಗೆ ಒಂದು ತಂಬಿಗೆ ನೀರು ಕೊಡುತ್ತಾರೆ. ಜಗಳ ಮಾಡಲು ಬಂದವನಿಗೂ ಮೊದಲು ನೀರು, ಆಮೇಲೆ ಜಗಳ. ಬೇಡ ಎಂದರೆ ಕೊಟ್ಟವರ ಮುಖ ಸಣ್ಣದಾಗುತ್ತದೆ. ಇಟ್ಟಂಗಿಹಾಳದಲ್ಲಿ ಒಬ್ಬ ಹಿರಿಯರಂತೂ, ನಾನು ತಂಬಿಗೆಯನ್ನು ಮುಟ್ಟಿ ನಮಸ್ಕಾರ ಮಾಡಿ ಕೆಳಗಿಟ್ಟದ್ದನ್ನು ನೋಡಿ, "ಯಾಕ್ರೀ, ನಮ್ಮನಿ ನೀರು ನಡಿಯಂಗಿಲ್ಲೇನು ನಿಮಗ?" ಎಂದು ಕೇಳಿಯೇಬಿಟ್ಟರು. ಅಂಗಿ ಎತ್ತಿ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತು ತೋರಿಸಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು. ಆಮೇಲೆ ಅವರೇ ಒಳಗೆ ಹೋಗಿ, ನೀರಿನ ಬದಲು ಒಂದು ಹಿಡಿ ಮಣೂಕ, ಒಣದ್ರಾಕ್ಷಿ, ತಂದು ಕೊಟ್ಟರು. ಅದನ್ನೂ ತೊಳೆಯದೆ ತಿನ್ನುವಂತಿರಲಿಲ್ಲ, ಜೇಬಿನಲ್ಲಿ ಹಾಕಿಕೊಂಡು ಬಂದೆ.

ಆ ಗುರುತಿನ ಕೆಳಗೆ ಇರುವುದು ನನ್ನ ಅಕ್ಕನ ಕಿಡ್ನಿ.

ನನ್ನದು ತಿಕೋಟಾದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ, ಮನೆ ವಿಜಯಪುರದಲ್ಲಿ. ಬೇಸಿಗೆ ಬಂತೆಂದರೆ ದ್ರಾಕ್ಷಿ ತೋಟದವರ ಬೋರಿನ ಮೋಟಾರುಗಳು ಒಂದರ ಹಿಂದೆ ಒಂದು ಸುಡುತ್ತವೆ. ತಾಮ್ರದ ತಂತಿ ಸುತ್ತುತ್ತ ಕುಳಿತರೆ ಊಟದ ನೆನಪೂ ಇರುವುದಿಲ್ಲ, ಇನ್ನು ಬಿ.ಪಿ. ಗುಳಿಗೆಯ ನೆನಪು ಎಲ್ಲಿಂದ ಬರಬೇಕು? ವರ್ಷಗಟ್ಟಲೆ ಹೀಗೇ ನಡೆದು, ಕಾಲು ಬಾತು, ಮುಖ ಬಾತು, ಕೊನೆಗೆ ಡಯಾಲಿಸಿಸ್ ಹಾಸಿಗೆಗೆ ಬಂದು ಮಲಗಿದೆ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಬಹುದು, ಸುಟ್ಟ ಕಿಡ್ನಿಗೆ ಸುತ್ತಲಾಗುವುದಿಲ್ಲ ಎಂದು ಅಲ್ಲಿ ತಿಳಿಯಿತು.

ಅಕ್ಕ ಬಬಲೇಶ್ವರದ ಸೊಸೆ. ಊರ ಹೊರಗೆ, ಮಮದಾಪುರದ ದಾರಿಯಲ್ಲಿ, ಹೊಲದೊಳಗೇ ಅವರ ವಸ್ತಿ. ಮನೆ, ಮುಂದೆ ದನದ ಕೊಟ್ಟಿಗೆ, ಪಕ್ಕದಲ್ಲಿ ಬಾವಿ. ನಾನು ಹುಟ್ಟಿದಾಗ ಅವ್ವ ಹೊಲಕ್ಕೆ ಹೋಗುವವಳಾದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ನನಗಿಂತ ಏಳೆಂಟು ವರ್ಷಕ್ಕಷ್ಟೇ ದೊಡ್ಡವಳು, ಆದರೆ ಅಧಿಕಾರ ಮಾತ್ರ ಅಜ್ಜಿಯದು. ಕಿಡ್ನಿಯ ಮಾತು ಬಂದಾಗ ನಾನು ಅವಳ ಮುಂದೆ ಬಾಯಿ ಬಿಡಲಾರದೆ ಗೋಡೆ ನೋಡುತ್ತ ಕುಳಿತಿದ್ದೆ. ಅವಳೇ ಶುರು ಮಾಡಿದಳು.

"ಲೇ, ಸಣ್ಣಾಂವಿದ್ದಾಗ ನನ್ನ ತಾಟಿನ್ಯಾಗಿಂದು ಕಸಗೊಂಡು ತಿಂತಿದ್ದಿ. ಆಗ ನಾಚಿಕಿ ಇರಲಿಲ್ಲ. ಈಗ ಎಲ್ಲಿಂದ ಬಂತು?"

ಅಷ್ಟೇ. ಅದಕ್ಕಿಂತ ಹೆಚ್ಚಿನ ಮಾತುಕತೆ ನಮ್ಮ ನಡುವೆ ನಡೆಯಲಿಲ್ಲ. ಪರೀಕ್ಷೆಗಳಲ್ಲಿ ಹೊಂದಿತು, ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕಿಡ್ನಿ ಹಾಕಿದರು. ಎಚ್ಚರವಾದ ಮೇಲೆ ಅವಳು ಕೇಳಿಸಿದ ಮೊದಲ ಪ್ರಶ್ನೆ, "ನನ್ನ ಕಿಡ್ನಿ ಉಚ್ಚಿ ಮಾಡಾಕತ್ತೈತೇನು?" ಎಂದು. ನರ್ಸು ನಗುತ್ತ ಬಂದು ನನಗೆ ಅದನ್ನು ಹೇಳಿದಳು. ನಾನು ಹೊಲಿಗೆ ಹಿಡಿದುಕೊಂಡು ನಕ್ಕೆ, ಅತ್ತೆ, ಎರಡೂ ಒಟ್ಟಿಗೇ.

ವಿಜಯಪುರಕ್ಕೆ ಮರಳಿದ ಮೇಲೆ ನನ್ನನ್ನು ನೋಡಿಕೊಂಡವರು ಇಲ್ಲಿಯ ಕಿಡ್ನಿ ಡಾಕ್ಟರಮ್ಮ. ನಮ್ಮ ಕಡೆಯವರೇ, ಮಾತು ನೇರ. "ನೋಡ್ರಿ, ಅಕ್ಕನ ಕಿಡ್ನಿ ನಿಮಗ ಅಕ್ಕಂದು. ನಿಮ್ಮ ಮೈಗೆ ಮಾತ್ರ ಅದು ಪರರದ್ದು, ಹೊರಗ ಹಾಕಾಕ ನೋಡತೈತಿ. ಅದಕ್ಕ ಈ ಗುಳಿಗಿ ಕೊಟ್ಟು ಮೈಯಾಗಿನ ಕಾವಲುಗಾರನ್ನ ಮಂಪರಿನ್ಯಾಗ ಇಡ್ತೀವಿ. ಅಂವ ಮಂಪರಿನ್ಯಾಗ ಇದ್ದಾಗ ಸಣ್ಣ ಕಳ್ಳನೂ ದೊಡ್ಡ ದರೋಡಿ ಮಾಡ್ತಾನ. ಕುದಿಸಿ ಆರಿಸಿದ ನೀರು ಬಿಟ್ಟು ಬ್ಯಾರೆ ನೀರು ಬಾಯಿಗೆ ಹಾಕಬ್ಯಾಡ್ರಿ" ಎಂದರು.

ಬೇಸಿಗೆಯ ಹೊತ್ತಿಗೆ ನಾನು ಓಡಾಡುವಂತಾದೆ. ಆಗ ಅಕ್ಕ ವಿಜಯಪುರಕ್ಕೆ ಬಂದು, ನನ್ನ ಬಟ್ಟೆಯನ್ನು ತಾನೇ ಚೀಲಕ್ಕೆ ತುಂಬಿದಳು. ನನ್ನ ಹೆಂಡತಿ ಆಗ ತಿಕೋಟಾದ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದಳು, ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದಳು. ಹಗಲು ನನ್ನನ್ನು ನೋಡುವವರಿಲ್ಲ ಎಂಬುದು ಅಕ್ಕನ ವಾದ. "ನನ್ನ ಕಿಡ್ನಿ ಎಲ್ಲಿರತೈತೋ ಅಲ್ಲಿ ನಾ ಇರಬೇಕು. ನಾ ನನ್ನ ದನಾ ಬಿಟ್ಟು ಇಲ್ಲಿಗೆ ಬರಾಕ ಆಗಂಗಿಲ್ಲ, ಅದಕ್ಕ ಕಿಡ್ನೀನ ಅಲ್ಲಿಗೆ ಒಯ್ತೇನಿ. ಒಂದು ಛಲೋ ಬಾಣಂತನ ಮಾಡಿ ಕಳಸ್ತೇನಿ ಬೇ" ಎಂದು ನನ್ನ ಹೆಂಡತಿಗೆ ಹೇಳಿದಳು. ಹೆಂಡತಿ ನನ್ನ ಕಡೆ ನೋಡಿ ನಕ್ಕಳು. ಮೀಸೆ ಇದ್ದ ಬಾಣಂತಿಯಾಗಿ ನಾನು ಬಬಲೇಶ್ವರಕ್ಕೆ ಹೋದೆ.

ಅಲ್ಲಿ ನೀರಿನ ವಿಷಯದಲ್ಲಿ ಅಕ್ಕ ಮಾಡಿದ ಕಟ್ಟುನಿಟ್ಟು ಯಾವ ಮಠದಲ್ಲೂ ಇರಲಿಕ್ಕಿಲ್ಲ. ನನಗೆಂದೇ ಒಂದು ಪಾತೇಲಿ ತೆಗೆದಿಟ್ಟಳು. ಅದನ್ನು ಅವಳ ಗಂಡ, ನಮ್ಮ ಮಾವ, ಸಹ ಮುಟ್ಟುವಂತಿರಲಿಲ್ಲ. ಒಲೆಯ ಮೇಲೆ ನೀರು ಕಳಕಳ ಕುದಿಯುವವರೆಗೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಮುಂದೆಯೇ ನಿಂತಿರುತ್ತಿದ್ದಳು. "ಬಂದು ನೋಡು, ಕುದಿಯಾಕತ್ತೈತಿ ಇಲ್ಲೋ" ಎಂದು ನನ್ನನ್ನು ಕರೆದು ತೋರಿಸುತ್ತಿದ್ದಳು. ನೋಡಿ ನಾನು ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ಮಲಗುತ್ತಿದ್ದೆ. ಸ್ವಲ್ಪ ಹೊತ್ತಿಗೆಲ್ಲ ತಂಬಿಗೆ ತುಂಬ ನೀರು ಬರುತ್ತಿತ್ತು. ಆ ಉರಿಬಿಸಿಲಿನಲ್ಲಿ ಹಲ್ಲಿಗೆ ಹಿತವಾಗುವಷ್ಟು ತಣ್ಣಗೆ, ಮಣ್ಣಿನ ವಾಸನೆ ಬೇರೆ. ಮಣ್ಣಿನ ಹರವಿಗೆ ತುಂಬಿ ಆರಿಸಿರಬೇಕು ಎಂದುಕೊಂಡು ಗಟಗಟ ಕುಡಿಯುತ್ತಿದ್ದೆ. ಆ ನೀರಿನಷ್ಟು ರುಚಿಯಾದ ನೀರನ್ನು ನಾನು ಮತ್ತೆ ಕುಡಿದಿಲ್ಲ, ಇದನ್ನು ಈಗ ಹೇಳಿದರೆ ಹೆಂಡತಿ ಸಿಟ್ಟಾಗುತ್ತಾಳೆ.

ಭೇದಿ ಶುರುವಾಯಿತು. ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊಟ್ಟಿಗೆಯಲ್ಲಿ ಹೊಸದಾಗಿ ಹುಟ್ಟಿದ ಕರುವಿಗೂ ಅದೇ ಆಗಿತ್ತು. "ಇಬ್ಬರಿಗೂ ಒಮ್ಮಿಗೇ ಹತ್ತೈತಿ ನೋಡ" ಎಂದು ಮಾವ ನಗೆಯಾಡಿದರು. ಕರು ಬೇಗ ಸುಧಾರಿಸಿಕೊಂಡು ಜಿಗಿದಾಡತೊಡಗಿತು, ನಾನು ಮಾತ್ರ ಹಾಸಿಗೆಗೂ ಪಾಯಖಾನೆಗೂ ನಡುವೆ ದಾರಿ ಸವೆಸುತ್ತಿದ್ದೆ. ಮಾವಿನಹಣ್ಣು ಜಾಸ್ತಿಯಾಯಿತು ಅಂದರು, ಬಿಟ್ಟೆ. ಖಾರ ಬೇಡ ಅಂದರು, ಬಿಟ್ಟೆ. ಅಕ್ಕ ದೃಷ್ಟಿಯಾಗಿದೆ ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ನೋಡು, ಒಂದೀಟೂ ಘಾಟು ಬರವಲ್ಲದು, ಜಬರ್ದಸ್ತ್ ದೃಷ್ಟಿ" ಎಂದಳು. ನಾನೂ ಮಾವನೂ ಆ ಘಾಟಿಗೆ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದ್ದೆವು. ಮೈಯಿಂದ ನೀರು ಹೋಗಿದ್ದಕ್ಕೆ ನೀರನ್ನೇ ಕುಡಿಯಬೇಕು ಎಂದು ತಂಬಿಗೆಯ ಮೇಲೆ ತಂಬಿಗೆ ಕುಡಿಸಿದಳು. ನಾನು ಇಳಿಯುತ್ತಲೇ ಹೋದೆ. ಪಾಯಿಜಾಮದ ಲಾಡಿ ಎಷ್ಟು ಬಿಗಿದರೂ ನಿಲ್ಲದಂತಾದಾಗ ಹೆಂಡತಿ ಬಂದು ನೋಡಿ, ಅಳುತ್ತಲೇ ಗಾಡಿ ಮಾಡಿಸಿ ವಿಜಯಪುರದ ಆಸ್ಪತ್ರೆಗೆ ಸೇರಿಸಿದಳು.

ಕಿಡ್ನಿಯ ಪರೀಕ್ಷೆಯ ಅಂಕಿ ಏರಿತ್ತು. ಮೈಯಲ್ಲಿ ನೀರಿಲ್ಲದೆ ಕಿಡ್ನಿ ಒಣಗುತ್ತಿದೆ, ಮೇಲಾಗಿ ಭೇದಿಯಿಂದಾಗಿ ಆ ಮಂಪರಿನ ಗುಳಿಗೆ ರಕ್ತದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಸೇರಿ ಅದೂ ಕಿಡ್ನಿಗೆ ಪೆಟ್ಟು ಕೊಡುತ್ತಿದೆ ಎಂದರು ಡಾಕ್ಟರಮ್ಮ. ಮಲದ ಮಾಮೂಲು ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅವರಿಗೆ ಅನುಮಾನ ಹೋಗದೆ, ಬೇರೆ ಬಣ್ಣ ಹಾಕಿ ನೋಡಲು ಹೇಳಿದರು. ಆಗ ಸಿಕ್ಕಿತು. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದರು, ನೀಲಿಯ ಮೇಲೆ ಕೆಂಪು ಕೆಂಪು ದುಂಡು ಚುಕ್ಕೆಗಳು. ಹೆಸರು ಕ್ರಿಪ್ಟೋಸ್ಪೋರಿಡಿಯಂ. ಹೆಂಡತಿಗೆ ಹೆಸರು ಬಾಯಿಗೆ ಬರಲಿಲ್ಲ, ‘ಕಿರಿಕಿರಿ ಹುಳ’ ಎಂದು ಕರೆದಳು, ನಮ್ಮ ಮನೆಯಲ್ಲಿ ಅದೇ ಹೆಸರು ಉಳಿಯಿತು.

"ಇದು ಪರಾವಲಂಬಿ ಜೀವಿ. ಛಲೋ ಇದ್ದವರಿಗೆ ಬಂದ್ರ ಒಂದು ವಾರ, ಎರಡು ವಾರ ಕಾಡಿ ತಾನ ಹೋಗತೈತಿ. ನಿಮ್ಮಂಥವರಿಗೆ ಬಂದ್ರ ಕರುಳಿನ್ಯಾಗ ಮನಿ ಕಟ್ಟತೈತಿ" ಎಂದರು ಡಾಕ್ಟರಮ್ಮ. ಇದಕ್ಕೆ ಕೊಡುವ ಗುಳಿಗೆ ಇದೆ, ಆದರೆ ಮೈಯ ಕಾವಲುಗಾರ ಏಳದೆ ಬರಿ ಗುಳಿಗೆಯಿಂದ ಅದು ಜಗ್ಗುವುದಿಲ್ಲ. ಅವನನ್ನು ಎಬ್ಬಿಸಬೇಕೆಂದರೆ ಮಂಪರಿನ ಗುಳಿಗೆ ಕಡಿಮೆ ಮಾಡಬೇಕು. ಎಬ್ಬಿಸಿದರೆ ಅವನು ಹುಳವನ್ನೂ ಹಿಡಿಯಬಹುದು, ಅಕ್ಕನ ಕಿಡ್ನಿಯನ್ನೂ ಹಿಡಿಯಬಹುದು. ಅತ್ತ ದರಿ, ಇತ್ತ ಪುಲಿ. ನನಗೆ ನನ್ನ ಜೀವದ ಭಯಕ್ಕಿಂತ ಇನ್ನೊಂದು ಭಯ ಹೆಚ್ಚಿತ್ತು, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಅವಳು ಮೈ ಕೊಯ್ಯಿಸಿಕೊಂಡು ಕೊಟ್ಟದ್ದು ಒಂದು ವರ್ಷವೂ ಬಾಳದೆ ಹೋದರೆ ಯಾವ ಮುಖ ಹೊತ್ತು ಅವಳ ಮುಂದೆ ನಿಲ್ಲಲಿ ಎಂಬ ಭಯ ಅದು.

"ಇದು ನೀರಿನಿಂದ ಬರತೈತಿ. ಎಳೇ ಕರುವಿನ ಹೊಟ್ಟ್ಯಾಗ ಇರತೈತಿ, ಸೆಗಣಿಯಿಂದ ಬಾವಿಗೆ ಬೀಳತೈತಿ. ಬ್ಲೀಚಿಂಗ್ ಪೌಡರಿಗೂ ಸಾಯಂಗಿಲ್ಲ. ಆದ್ರ ಕುದಿಸಿದ್ರ ಸಾಯತೈತಿ. ನೀರು ಕುದಿಸ್ತಿದ್ರಿಲ್ಲೋ?"

"ನಾನ ಕಣ್ಣಾರೆ ನೋಡೀನ್ರಿ" ಎಂದೆ.

ಹೆಂಡತಿ ನನ್ನನ್ನು ಅಳೆಯುವಂತೆ ನೋಡಿದಳು. ಹೊರಗೆಲ್ಲೋ ತಿಂದು ಕುಡಿದು ಬಂದಿದ್ದೇನೆ ಎಂಬ ಅನುಮಾನ ಅವಳಿಗೆ ಮೊದಲಿನಿಂದಲೂ ಇತ್ತು. ಆಣೆ ಪ್ರಮಾಣ ಮಾಡಿದರೂ ನಂಬದವಳು, ಖಾತ್ರಿ ಮಾಡಿಕೊಳ್ಳಲು ಅಲ್ಲಿಯೇ ಅಕ್ಕನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಅಕ್ಕಾರ, ನೀರು ಕುದಿಸಿದ ಮ್ಯಾಲೆ ಏನ್ ಮಾಡ್ತಿದ್ರಿ? ಡಾಕ್ಟರು ಕೇಳಾಕತ್ತಾರ."

ಅಕ್ಕನ ದನಿ ಹೆಮ್ಮೆಯಿಂದ ಏರಿತು. "ಏನ್ ಮಾಡೋದೇನ್ ಬೇ? ಈ ಬ್ಯಾಸಗಿ ಬಿಸಿಲಾಗ ಹುಡುಗಗ ಸುಡು ಸುಡು ನೀರು ಕುಡಿಸಲೇನು? ಅರ್ಧ ತಂಬಗಿ ಕಾಸಿದ ನೀರು, ಅರ್ಧ ತಂಬಗಿ ನಮ್ಮ ಹರವ್ಯಾಗಿನ ಬಾವಿ ನೀರು. ಬೆರಸಿ ತಣ್ಣಗ ಮಾಡಿ ಕೊಡ್ತಿದ್ದೆ. ಒಂದು ದಿನಾನೂ ಬಿಸಿ ನೀರು ಕುಡಿಸಿಲ್ಲ ಅಂತ ಹೇಳು ಡಾಕ್ಟರಿಗೆ!"

ಡಾಕ್ಟರಮ್ಮ ಹಣೆಗೆ ಕೈ ಹಚ್ಚಿದರು. ನಮ್ಮ ಮನೆಗಳಲ್ಲಿ ಸ್ನಾನದ ನೀರನ್ನು ಹಾಗೆಯೇ ಹದ ಮಾಡುವುದು, ಕಾದ ನೀರಿಗೆ ತಣ್ಣೀರು ಬೆರೆಸಿ ಬೆರಳದ್ದಿ ನೋಡುವುದು. ಹುಟ್ಟಿದಾಗಿನಿಂದ ನನಗೆ ಹಾಗೆ ಎರೆದ ಕೈ ಅದು. ಕುದಿಸು ಎಂದವರಿದ್ದರು, ಕುದಿಸಿದಳು. ಆರಿಸು ಎಂದರೆ ಕಾಯುತ್ತ ಕೂರು ಎಂದು ಅರ್ಥ ಅಂತ ಅವಳಿಗೆ ಯಾರು ಹೇಳಿದ್ದರು? ಬಾಯಾರಿದ ತಮ್ಮನನ್ನು ಅಷ್ಟು ಹೊತ್ತು ಕಾಯಿಸುವುದು ಅವಳಿಂದ ಆಗುವ ಕೆಲಸವಲ್ಲ.

"ಯಾಕ ಬೇ, ಸುಮ್ಮನ್ಯಾಕಾದಿ? ಏನಾತು?" ಎಂದಿತು ಫೋನು.

ಆಗ ನನ್ನ ಹೆಂಡತಿ ಮಾಡಿದ್ದನ್ನು ನೆನೆದರೆ ಇಂದಿಗೂ ಅವಳ ಮೇಲೆ ಪ್ರೀತಿ ಉಕ್ಕುತ್ತದೆ, ಜೊತೆಗೆ ಸಿಟ್ಟೂ ಬರುತ್ತದೆ. ಡಾಕ್ಟರಮ್ಮನಿಗೆ ಕೈಮುಗಿದು ಸುಮ್ಮನಿರಲು ಸನ್ನೆ ಮಾಡಿ, ಒಂದು ಉಸಿರಿನಲ್ಲಿ ಹೇಳಿದಳು: "ಏನಿಲ್ಲರಿ ಅಕ್ಕಾರ. ನಿಮ್ಮ ನೀರಿಂದ ಏನೂ ಆಗಿಲ್ಲ. ನಿಮ್ಮ ತಮ್ಮಾರ ಬಸ್ ಸ್ಟ್ಯಾಂಡ್ ಮುಂದ ಕಬ್ಬಿನ ಹಾಲು ಕುಡದಾರಂತ, ಬರ್ಪ ಹಾಕಿಸಿ. ಈಗ ಒಪ್ಪಿಕೊಂಡ್ರು."

ನಾನು ಬಾಯಿ ತೆರೆದೆ. ಅವಳು ನನ್ನ ಕೈಯನ್ನು, ಸಲೈನಿನ ಸೂಜಿ ಚುಚ್ಚಿದ್ದ ಅದೇ ಕೈಯನ್ನು, ಹಿಡಿದು ಒತ್ತಿದಳು. ನೋವಿಗೋ ಅರ್ಥವಾಗಿಯೋ ಬಾಯಿ ಮುಚ್ಚಿದೆ. ಕಿಡ್ನಿ ಕೊಟ್ಟವಳೇ ಅದನ್ನು ಕೆಡಿಸಿದಳು ಎಂದು ಗೊತ್ತಾದರೆ ಅಕ್ಕ ಅನ್ನ ನೀರು ಬಿಟ್ಟಾಳು ಎಂಬುದು ಅವಳ ಹೆದರಿಕೆ. ನನಗೂ ಅದೇ ಸರಿ ಅನ್ನಿಸಿತು. ಬೇಕಾದಷ್ಟು ಬೈಸಿಕೊಂಡರಾಯಿತು, ಅಕ್ಕನ ಬೈಗುಳ ನನಗೆ ಹೊಸದೇನಲ್ಲ.

ಆದರೆ ಅವಳು ಬೈಯಲೇ ಇಲ್ಲ. ಮರುದಿನ ಆಸ್ಪತ್ರೆಗೆ ಬಂದಳು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಡಾಕ್ಟರಮ್ಮನ ಹತ್ತಿರ ಹೋಗಿ, "ಉಳಿತೈತೇನ್ರೀ?" ಎಂದಷ್ಟೇ ಕೇಳಿದಳು. ಕುದಿಸಿದ ನೀರಿಗೆ ಬೇರೆ ನೀರು ಬೆರೆಸಬಾರದು ಎಂದು ಅವರು ಮೆಲ್ಲಗೆ ತಿಳಿಸಿ ಹೇಳಿದಾಗ ಗಾಬರಿಯಾಗಿ, "ನನ್ನಿಂದ ಏನಾರ ಆತೇನು ಮತ್ತ?" ಎಂದು ಹೆಂಡತಿಯ ಕಡೆ ತಿರುಗಿದಳು. "ಛೇ ಛೇ, ಇಲ್ಲರೀ. ಇದು ಎಲ್ಲಾರಿಗೂ ಹೇಳೋದು" ಎಂದಳು ನನ್ನ ಹೆಂಡತಿ. ಅಕ್ಕ ತಲೆಯಾಡಿಸಿ, ಸಂಜೆಯ ಬಸ್ಸಿಗೆ ಹೊರಟುಹೋದಳು.

ಗುಳಿಗೆ ಕಡಿಮೆ ಮಾಡಿದರು. ಹುಳದ ಔಷಧಿ ಕೊಟ್ಟರು. ದಿನ ಬಿಟ್ಟು ದಿನ ರಕ್ತ ತೆಗೆದರು. ಪ್ರತಿ ಸಲ ವರದಿ ಬರುವವರೆಗೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಇರು, ಹೋಗಬೇಡ ಎಂದು ಕಿಡ್ನಿಗೆ ಹೇಳುತ್ತ ಮಲಗಿರುತ್ತಿದ್ದೆ. ಪಕ್ಕದ ಹಾಸಿಗೆಯವರು ಏನು ತಿಳಿದುಕೊಂಡರೋ. ಭೇದಿ ನಿಧಾನವಾಗಿ ಹಿಡಿತಕ್ಕೆ ಬಂತು, ಅಂಕಿ ಇಳಿಯಿತು, ಮತ್ತೆ ಸ್ವಲ್ಪ ಏರಿತು, ಮತ್ತೆ ಇಳಿಯಿತು. ನನ್ನನ್ನು ಮನೆಗೆ ಕಳಿಸಿದರು. ಆದರೂ ಗಂಡಾಂತರ ಕಳೆಯಿತು ಎಂದು ಡಾಕ್ಟರಮ್ಮ ಹೇಳಿದ್ದು ಮಳೆಗಾಲ ಶುರುವಾದ ಮೇಲೆ.

ಆ ಮಾತು ಕೇಳಿದ ಕೂಡಲೇ ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಅಕ್ಕನಿಗೆ ಫೋನು ಮಾಡಿದೆ. "ಉಳೀತಕ್ಕಾ, ನಿನ್ನ ಕಿಡ್ನಿ ಉಳೀತು!" ಎಂದೆ. ಆ ಕಡೆಯಿಂದ "ಛಲೋ ಆತು" ಎಂಬ ಎರಡು ಶಬ್ದ. ಆಮೇಲೆ ಫೋನನ್ನು ಮಾವನ ಕೈಗೆ ಕೊಟ್ಟಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಿಕೋಟಾದ ಗಿರಾಕಿಗಳೆಲ್ಲ ಬಲ್ಲರು. ಅಂದು ಅದು ನೆತ್ತಿಗೇರಿತು. ತಿಂಗಳುಗಟ್ಟಲೆ ಹೀಗೇ ನಡೆದಿತ್ತು. ಫೋನು ಮಾಡಿದರೆ ಮಳೆ ಆಯಿತೇ, ದನ ಹೇಗಿವೆ, ಇಷ್ಟೇ ಮಾತು. ಹೆಂಡತಿಗೂ ಹೇಳದೆ ಮಮದಾಪುರದ ಬಸ್ಸು ಹತ್ತಿ ಅಕ್ಕನ ವಸ್ತಿಯ ಹತ್ತಿರ ಇಳಿದೆ. ಮಾವ ಹೊಲದಲ್ಲಿದ್ದರು. ಅವಳೊಬ್ಬಳೇ ಪಡಸಾಲೆಯಲ್ಲಿ ಕುಳಿತು ಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಹೋಗಿ, ಮುಚ್ಚಳ ಹಾಕಿದ ಸ್ಟೀಲಿನ ಡಬ್ಬಿಯಿಂದ ನೀರು ಬಗ್ಗಿಸಿ ತಂದು ಮುಂದೆ ಇಟ್ಟಳು.

"ಮುಂಜಾನೆ ಕುದಿಸಿ ಆರಿಸಿದ್ದು, ಏನೂ ಬೆರಸಿಲ್ಲ. ಕುಡಿದ್ರ ಕುಡಿ. ಇಲ್ಲಂದ್ರ ಬಸ್ ಸ್ಟ್ಯಾಂಡ್ ಮುಂದ ಕಬ್ಬಿನ ಹಾಲು ಸಿಗತೈತಿ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಯಾವ ಕಬ್ಬಿನ ಹಾಲು? ಯಾರು ಕುಡದಾರ ಕಬ್ಬಿನ ಹಾಲು?" ಎಂದು ಕೂಗಿದೆ. "ಒಂದು ಹನಿ ಕುಡದಿಲ್ಲ ನಾ! ನಿನ್ನ ಹರವಿ ನೀರಾಗಿತ್ತು ಆ ಹುಳಾ. ನೀನ ಬೆರಸಿ ಬೆರಸಿ ಕುಡಿಸಿದಿ. ನಿನಗ ನೋವಾಗತೈತಿ ಅಂತ ಅಕಿ ಸುಳ್ಳು ಹೇಳಿದ್ಲು, ನಾ ಸುಮ್ಮನ ಕೂತೆ!"

ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ. ಅಷ್ಟು ದಿನ ಯಾವುದಕ್ಕೆ ಹೆದರಿದ್ದೆವೋ ಅದನ್ನು ನಾನೇ ಮಾಡಿಬಿಟ್ಟಿದ್ದೆ. ಅಕ್ಕ ಮೂಲೆಯಲ್ಲಿದ್ದ ಹರವಿಯ ಕಡೆ ನೋಡಿದಳು. ಅದರ ಮೇಲಿನ ತಾಟು, ತಾಟಿನ ಮೇಲಿನ ತಂಬಿಗೆ, ಎಲ್ಲವನ್ನೂ ನೋಡಿದಳು.

"ಖರೇನ?"

"ಖರೇ."

"ಕುಡದಿಲ್ಲ ನೀ?"

"ನಿನ್ನಾಣಿ, ಕುಡದಿಲ್ಲ."

ಅವಳು ಗೋಡೆಗೆ ಒರಗಿ ಕುಳಿತು ಅಳತೊಡಗಿದಳು. ಹೊಟ್ಟೆಯೊಳಗಿನಿಂದ ಬರುವ ಅಳು. ನನ್ನ ಸಿಟ್ಟೆಲ್ಲ ಇಳಿಯಿತು. ಪಕ್ಕದಲ್ಲಿ ಕುಳಿತು, "ತಪ್ಪು ನಿಂದಲ್ಲಕ್ಕಾ, ನಿನಗೇನ ಗೊತ್ತಿತ್ತು, ಬಿಡು, ಉಳದೈತಲ್ಲ" ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅವಳು ಮುಷ್ಟಿ ಕಟ್ಟಿ ನನ್ನ ಭುಜಕ್ಕೆ ಗುದ್ದಿದಳು. ಪೆಟ್ಟು ಜೋರಾಗಿಯೇ ಬಿತ್ತು.

"ಅದಕ್ಕಲ್ಲಲೇ ಮಂಗ್ಯಾ, ಅದಕ್ಕಲ್ಲ" ಎಂದಳು. "ನನ್ನ ಕೈತಪ್ಪಾಗಿದ್ರ ನಾ ತಿದ್ದಿಕೋತಿದ್ದೆ. ಇಷ್ಟು ದಿನಾ ನಾ ಏನ್ ತಿಳಕೊಂಡು ಕೂತಿದ್ದೆ ಗೊತ್ತೈತೇನು? ಹೊಟ್ಟಿ ಕೊಯ್ಸಿಕೊಂಡು ಕೊಟ್ಟೀನಿ, ನನ್ನ ತಮ್ಮಗ ಅದು ಒಂದು ಗ್ಲಾಸ್ ಕಬ್ಬಿನ ಹಾಲಿಗಿಂತ ಹಗುರಾತಲ್ಲ ಅಂತ."

ಅವಳನ್ನು ಉಳಿಸುತ್ತಿದ್ದೇವೆ ಎಂದುಕೊಂಡು ನಾವಿಬ್ಬರೂ ಸೇರಿ ಅವಳಿಗೆ ಮಾಡಿದ್ದೇನು ಎಂಬುದು ಆಗ ತಿಳಿಯಿತು. ಅಷ್ಟರಲ್ಲಿ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಗೂಡಿನಲ್ಲಿದ್ದ ಫೋನು ತೆಗೆದು, ನನ್ನ ಹೆಂಡತಿಗೆ ಹಚ್ಚಿದಳು. ಅವಳು ಹಲೋ ಅನ್ನುವುದಕ್ಕೂ ಬಿಡಲಿಲ್ಲ.

"ಏನ್ ಬೇ, ನನ್ನ ತಮ್ಮನ ಮ್ಯಾಲೆ ಸುಳ್ಳು ಹೇಳ್ತೀಯೇನು?" ಎಂದಳು. ಅಳು ಇನ್ನೂ ಪೂರ್ತಿ ನಿಂತಿರಲಿಲ್ಲ. "ನನಗ ಮೊದಲ ಗೊತ್ತಿತ್ತು ತಗೊ, ನನ್ನ ತಮ್ಮ ಅಂಥಾಂವಲ್ಲ!"